ಲೇಕ್ ಡಿಸ್ಟ್ರಿಕ್ಟ್‌ಗೆ ವಾರಾವಾರ ಗುಂಪು ನಡಿಗೆ: ಮ್ಯಾಂಚೆಸ್ಟರ್ ಕಡೆಯವರು ಹೇಗೆ ಶುರು ಮಾಡೋದು?

ಬನಶಂಕರಿ_ಮ್ಯಾಂಚೆಸ್ಟರ್
ಎಲ್ರಿಗೂ ನಮಸ್ಕಾರ. ಮ್ಯಾಂಚೆಸ್ಟರ್, ಬೋಲ್ಟನ್, ಪ್ರೆಸ್ಟನ್ ಸುತ್ತಮುತ್ತಲಿನ ಕನ್ನಡದವರು ಸೇರಿ ಏಪ್ರಿಲ್ ಕೊನೆಯಿಂದ ಪ್ರತಿ ಶನಿವಾರ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ (ಇಂಗ್ಲೆಂಡಿನ ವಾಯವ್ಯದ ಕೆರೆ, ಬೆಟ್ಟಗಳ ಪ್ರದೇಶ) ನಡೆಯೋಕೆ ಹೋಗೋಣ ಅಂತ ಮಾತಾಗಿದೆ. ಬೆಳಿಗ್ಗೆ ಹೋಗಿ ರಾತ್ರಿ ವಾಪಸ್. 25 ಜನ ಹೆಸರು ಕೊಟ್ಟಿದ್ದಾರೆ. ಊರಿಂದ ಬಂದಿರೋ ಅಪ್ಪ ಅಮ್ಮಂದಿರು, ಎಂಟು ಹತ್ತು ವರ್ಷದ ಮಕ್ಕಳು, ದಿನಾ ಓಡೋ ಹುಡುಗರು, ಎಲ್ರೂ ಇದ್ದಾರೆ. ಹುಡುಗರಿಗೆ ಮೊದಲನೇ ವಾರವೇ ಹೆಲ್ವೆಲಿನ್ ಬೆಟ್ಟ, ಅದೂ ಸ್ಟ್ರೈಡಿಂಗ್ ಎಜ್ ಅನ್ನೋ ಕಿರಿದಾದ ಬಂಡೆ ಏಣಿನ ಮೇಲಿಂದ ಆಗಬೇಕಂತೆ. ಎಲ್ಲಿಂದ ಶುರು ಮಾಡಬೇಕು, ಯಾರು ಯಾವ ಜವಾಬ್ದಾರಿ ಹೊರಬೇಕು, ಕಾರೋ ರೈಲೋ, ಏನೇನು ಕಡ್ಡಾಯ? ಗೊತ್ತಿರೋರು ಬಿಡಿಸಿ ಹೇಳಿ.

ಕೆಂಡಲ್_ಕನ್ನಡಿಗ
ಮೊದಲು ಸ್ಟ್ರೈಡಿಂಗ್ ಎಜ್ ವಿಷಯ ಮುಗಿಸೋಣ. ಬೇಡ. ಹೆದರಿಸೋಕೆ ಹೇಳ್ತಿಲ್ಲ, ಲೆಕ್ಕ ನೋಡಿ. ಗ್ಲೆನ್‌ರಿಡಿಂಗ್‌ನಿಂದ ಹೋಗಿ ಬರೋಕೆ 13 ಕಿ.ಮೀ. ಆಸುಪಾಸು, ಏರು ಸುಮಾರು 850 ಮೀಟರ್. ಆ ಏಣಿನ ಕೊನೆಯಲ್ಲಿ ಬಂಡೆ ಸಂದಿಯೊಳಗೆ ಇಳಿಯೋ ಒಂದು ಜಾಗ ಇದೆ. ಅಲ್ಲಿ ಒಬ್ಬೊಬ್ಬರೇ ಬಂಡೆಗೆ ಮುಖ ಮಾಡಿ, ಕಾಲಲ್ಲಿ ಮೆಟ್ಟು ತಡವಿ ಹುಡುಕ್ತಾ ಇಳೀಬೇಕು. ಅಭ್ಯಾಸ ಇಲ್ಲದವರಿಗೆ ತಲಾ 2 ನಿಮಿಷ ಅಂದ್ರೂ 25 ಜನಕ್ಕೆ 50 ನಿಮಿಷ. ಅಷ್ಟೂ ಹೊತ್ತು ಉಳಿದವರು 850 ಮೀಟರ್ ಮೇಲೆ, ಎರಡೂ ಕಡೆ ಇಳಿಜಾರು, ಗಾಳಿಗೆ ಮೈಯೊಡ್ಡಿ ನಿಂತಿರ್ತಾರೆ. ಹಿಂದೆ ಬರೋ ಬೇರೆಯವರದ್ದೂ ಸಾಲು. ನಾಲ್ಕು ಜನಕ್ಕೆ ಚೆನ್ನಾಗಿರೋ ದಾರಿ ಇಪ್ಪತ್ತೈದು ಜನಕ್ಕೆ ಅಪಾಯ ಆಗೋದು ಹೀಗೆ.

ವಾರಾವಾರ ನಡೀಬೇಕು ಅಂದ್ರೆ ನಾಲ್ಕು ವಾರದ ಚಕ್ರ ಮಾಡ್ಕೊಳ್ಳಿ. ಒಂದು ವಾರ ಕೆರೆ ದಂಡೆಯ ಸಮತಟ್ಟು ದಾರಿ (ಬಟರ್‌ಮಿಯರ್ ಸುತ್ತು, 7 ಕಿ.ಮೀ.). ಎರಡನೇ ವಾರ ಸಣ್ಣ ಗುಡ್ಡ, ಅಂದ್ರೆ 335 ಮೀಟರಿನ ಲಫ್ರಿಗ್ ಅಥವಾ 451 ಮೀಟರಿನ ಕ್ಯಾಟ್‌ಬೆಲ್ಸ್. ಮೂರನೇ ವಾರ ದೊಡ್ಡದು, ಆದರೆ ಬರಬಲ್ಲವರು ಮಾತ್ರ. ನಾಲ್ಕನೇ ವಾರ ಮನೆ ಹತ್ತಿರ, ರಿವಿಂಗ್ಟನ್ ಪೈಕ್ ಥರದ್ದು. ಪ್ರತಿ ವಾರ ಅಷ್ಟು ದೂರ ಹೋಗಿ ಬಂದ್ರೆ ಎರಡು ತಿಂಗಳಲ್ಲಿ ಡ್ರೈವರ್‌ಗಳೇ ಕೈ ಎತ್ತಿಬಿಡ್ತಾರೆ.

ಧಾರವಾಡದಂವ
ಸ್ಟ್ರೈಡಿಂಗ್ ಎಜ್ ಬ್ಯಾಡ ಅಂದದ್ದು ಖರೇ. ಆದ್ರ ನಾಲ್ಕು ವಾರದಾಗ ಒಂದೇ ಸಲ ದೊಡ್ಡ ಗುಡ್ಡ ಅಂದ್ರ ಓಡೋ ಹುಡುಗ್ರು ಬ್ಯಾರೆ ಗುಂಪು ಕಟ್ಟಿಕೊಂಡು ಹೋಗಿಬಿಡ್ತಾರ್ರಿ. ಅವ್ರನ್ನ ಹಿಡಿದಿಟ್ಟುಕೊಳ್ಳಬೇಕಂದ್ರ ಒಂದೇ ದಿನ, ಒಂದೇ ಊರಿನಿಂದ ಎರಡು ದಾರಿ ಇಡ್ರಿ. ಗ್ರಾಸ್‌ಮಿಯರ್‌ದಾಗ ಇಳದು ಅರ್ಧ ಮಂದಿ ಹೆಲ್ಮ್ ಕ್ರ್ಯಾಗ್ (405 ಮೀ.) ಹತ್ತಲಿ, ಅರ್ಧ ಮಂದಿ ರೈಡಲ್ ಕಡೆ ಕೆರಿ ದಂಡಿಗೆ ಅಡ್ಡಾಡಲಿ. ಸಂಜಿಗೆ ಒಂದೇ ಬಸ್‌ಸ್ಟಾಪಿನಾಗ ಕೂಡೂದು.

ಕೆಂಡಲ್_ಕನ್ನಡಿಗ
ಎರಡು ದಾರಿ ಅಂದ್ರೆ ಎರಡು ಮುಂದಾಳು, ಎರಡು ಬ್ಯಾಕ್‌ಮಾರ್ಕರ್ (ಸಾಲಿನ ಕೊನೆಯಲ್ಲಿ ನಡೆಯೋರು), ಎರಡು ನಕ್ಷೆ, ಎರಡು ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಅಷ್ಟು ಜನ ತಯಾರಾಗೋವರೆಗೆ ಬೇಡ. ಆಮೇಲೆ ಖಂಡಿತ ಒಳ್ಳೇದು.

ನಕ್ಷೆಪ್ರಿಯೆ
ಸಮಯದ ಲೆಕ್ಕ ಯಾರೂ ಹೇಳಿಲ್ಲ, ಅದಿಲ್ಲದೆ ಉಳಿದದ್ದೆಲ್ಲ ಕುರುಡು. 1892ರ ನೇಸ್ಮಿತ್ ಸೂತ್ರ ಇವತ್ತಿಗೂ ನಡೆಯುತ್ತೆ: ಗಂಟೆಗೆ 5 ಕಿ.ಮೀ., ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆದರೆ ಅದು ಗಟ್ಟಿ ನಡಿಗೆಯವರಿಗೆ, ವಿಶ್ರಾಂತಿ ಲೆಕ್ಕಕ್ಕಿಲ್ಲ. ಮಿಶ್ರ ಗುಂಪಿಗೆ ಗಂಟೆಗೆ 4 ಕಿ.ಮೀ., 100 ಮೀಟರ್ ಏರಿಗೆ 10 ನಿಮಿಷ, ಊಟಕ್ಕೆ 30 ನಿಮಿಷ, ಗೇಟು ತಡಮೆ ಚಿತ್ರ ಎಲ್ಲ ಸೇರಿ ಗಂಟೆಗೆ 10 ನಿಮಿಷ ಹಿಡೀರಿ.

ಕ್ಯಾಟ್‌ಬೆಲ್ಸ್‌ಗೆ ಹಾಕಿ ನೋಡೋಣ. ಬುಡದಲ್ಲಿರೋ ಹಾಸ್ ಎಂಡ್‌ನಿಂದ ತುದಿ ಹತ್ತಿ, ಹಾಸ್ ಗೇಟ್ ಕಡೆ ಇಳಿದು, ಬ್ರ್ಯಾಂಡಲ್‌ಹೌ ಕಾಡಿನೊಳಗೆ ಕೆರೆ ದಂಡೆ ಹಿಡಿದು ವಾಪಸ್ ಅಂದ್ರೆ ಆರೂವರೆ ಕಿ.ಮೀ. ಹತ್ತಿರ, ಏರು 370 ಮೀಟರ್. ದೂರಕ್ಕೆ 1 ಗಂಟೆ 40 ನಿಮಿಷ, ಏರಿಗೆ 37 ನಿಮಿಷ, ಊಟ ನಿಲುಗಡೆ ಸೇರಿ ಒಟ್ಟು 3 ಗಂಟೆ 10 ನಿಮಿಷ. ಗಡಿಯಾರ ನೋಡ್ತಾ ಇರಿ. ಅರ್ಧ ಸಮಯ ಮುಗಿದಾಗ ತುದಿ ಮುಟ್ಟಿಲ್ಲ ಅಂದ್ರೆ ಯಾರು ಎಷ್ಟೇ ಗೋಗರೆದರೂ ತಿರುಗಿ ಬರಬೇಕು. ತಿರುಗೋ ಹೊತ್ತನ್ನ ಹೊರಡೋ ಮುಂಚೆಯೇ ಎಲ್ಲರಿಗೂ ಹೇಳಿಬಿಡಿ. ಬೆಟ್ಟದ ಮೇಲೆ ನಿಂತು ಚರ್ಚೆ ಮಾಡೋ ವಿಷಯ ಅದಲ್ಲ.

ತೀರ್ಥಹಳ್ಳಿ_ಮಳೆ
451 ಮೀಟರ್‌ಗೆ ಇಷ್ಟೊಂದು ಲೆಕ್ಕವಾ? ಕುದುರೆಮುಖ 1,800 ಮೀಟರ್ ದಾಟುತ್ತೆ, ಮಳೆಯಲ್ಲಿ ಜಿಗಣೆ ಕಚ್ಚಿಸ್ಕೊಂಡು ಹತ್ತೋ ಜನ ನಾವು. ಇಂಗ್ಲೆಂಡಿನ ಎತ್ತರದ ಬೆಟ್ಟ ಸ್ಕಾಫೆಲ್ ಪೈಕೇ 978 ಮೀಟರ್. ಮಳೆಗೆ ಮಲೆನಾಡಿನವರು ಹೆದರ್ತಾರಾ?

ಬೋಲ್ಟನ್_ಡಾಕ್ಟ್ರು
ಎತ್ತರ ಅಲ್ಲ, ಮಳೆಯ ಪ್ರಮಾಣವೂ ಅಲ್ಲ. ಇಲ್ಲಿನ ಸೀತ್‌ವೇಟ್‌ನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಬೀಳುತ್ತೆ, ಆಗುಂಬೆಯಲ್ಲಿ ಅದರ ಎರಡರಷ್ಟು. ಆದರೆ ಆಗುಂಬೆ ಮಳೆಯಲ್ಲಿ ನೆನೆದವರಿಗೆ ಗಾಳಿ 22-24 ಡಿಗ್ರಿ ಇರುತ್ತೆ, ಇಲ್ಲಿ ಏಪ್ರಿಲ್‌ನಲ್ಲೂ ತುದಿಯಲ್ಲಿ 3-4 ಡಿಗ್ರಿ ಇರಬಹುದು. ಪ್ರತಿ 150 ಮೀಟರ್‌ಗೆ ಹೆಚ್ಚುಕಮ್ಮಿ 1 ಡಿಗ್ರಿ ಇಳಿಯುತ್ತೆ, ಮೇಲೆ ಗಾಳಿ ಬೇರೆ. ಜೀನ್ಸ್ ನೆನೆದ್ರೆ ಮೈಗೆ ಅಂಟಿ ಶಾಖ ಎಳೀತಾನೇ ಇರುತ್ತೆ, ಒಣಗಲ್ಲ. ಮೈ ನಡುಗುತ್ತೆ, ಆಮೇಲೆ ಮಾತು ತೊದಲುತ್ತೆ, ಸಮತಟ್ಟು ಜಾಗದಲ್ಲೂ ಎಡವುತ್ತಾರೆ, "ನಂಗೇನಾಗಿಲ್ಲ ಬಿಡಿ" ಅಂತ ಸಿಡುಕ್ತಾರೆ. ಆ ಸಿಡುಕು ಕಂಡ ತಕ್ಷಣ ಗುಂಪು ನಿಲ್ಲಬೇಕು, ಒಣ ಬಟ್ಟೆ, ಸಿಹಿ, ಬಿಸಿನೀರು ಕೊಡಬೇಕು.

ಇದಕ್ಕೆ ಒಂದು ವಸ್ತು ಖಂಡಿತ ಕೊಳ್ಳಿ: ಗ್ರೂಪ್ ಶೆಲ್ಟರ್. ಕಂಬ ಗಿಂಬ ಇಲ್ಲದ ತೆಳು ನೈಲಾನ್ ಚೀಲ. 8-10 ಜನ ವೃತ್ತವಾಗಿ ಕೂತು ತಲೆ ಮೇಲಿಂದ ಎಳ್ಕೊಂಡು ಅಂಚಿನ ಮೇಲೆ ಕೂತ್ಕೊಂಡ್ರೆ ಸಾಕು, ಎರಡೇ ನಿಮಿಷದಲ್ಲಿ ಒಳಗೆ ಬೆಚ್ಚಗಾಗುತ್ತೆ. ಕಾಲು ಉಳುಕಿದವರನ್ನ ರಕ್ಷಣಾ ತಂಡ ಬರೋವರೆಗೆ ಕಾಪಾಡೋದು ಇದೇ.

ತೀರ್ಥಹಳ್ಳಿ_ಮಳೆ
ಒಪ್ಪಿದೆ ಡಾಕ್ಟ್ರೇ. ಕೊಡೆ?

ಬೋಲ್ಟನ್_ಡಾಕ್ಟ್ರು
ಕೆರೆ ದಂಡೆಯಲ್ಲಿ ಸರಿ. ಗುಡ್ಡದ ಮೇಲೆ ಗಾಳಿಗೆ ಉಲ್ಟಾ ಆಗುತ್ತೆ, ಕೈಯೂ ಖಾಲಿ ಇರಲ್ಲ.

ಪುತ್ತೂರು_ಪ್ರೆಸ್ಟನ್
ಬಟ್ಟೆಯದ್ದು ಸ್ವಲ್ಪ ಬಿಡಿಸಿ ಹೇಳ್ತೇನೆ. ಜಾಕೆಟ್ ಎಲ್ಲರ ಹತ್ತಿರ ಉಂಟು, ವಾಟರ್‌ಪ್ರೂಫ್ ಪ್ಯಾಂಟ್ ಯಾರ ಹತ್ತಿರವೂ ಇರುವುದಿಲ್ಲ. ಬದಿಯಲ್ಲಿ ಉದ್ದ ಜಿಪ್ ಇರುವುದನ್ನೇ ತೆಗೊಳ್ಳಿ, ಇಲ್ಲದಿದ್ದರೆ ಮಳೆ ಬಂದಾಗ ಕೆಸರಿನಲ್ಲಿ ಒಂಟಿ ಕಾಲಲ್ಲಿ ನಿಂತು ಶೂ ಬಿಚ್ಚಬೇಕಾಗ್ತದೆ ಮಾರಾಯ್ರೇ. ಬ್ಯಾಗಿನ ಮೇಲೆ ಹಾಕುವ ರೇನ್‌ಕವರ್ ಗಾಳಿಗೆ ಹಾರಿ ಹೋಗ್ತದೆ. ಬ್ಯಾಗಿನ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ತಿರುಚಿ ಕಟ್ಟಿದರೆ ಬಟ್ಟೆ ಒಣಗಿಯೇ ಇರ್ತದೆ. ಕೈಗವಸು ಎರಡು ಜೊತೆ. ತಲೆಗೆ ಕಟ್ಟುವ ಟಾರ್ಚ್ ಬೇಸಿಗೆಯಲ್ಲೂ ಬೇಕು. ಡಿಸೆಂಬರಿನಲ್ಲಿ ಇಲ್ಲಿನ ಕೆಸಿಕ್ ಊರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗ್ತಾನೆ, ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಹಿಂದೆ ಹೋದ ಮೇಲಿನ ಶನಿವಾರ ಎಲ್ಲರೂ ಮೋಸ ಹೋಗುವುದು.

ಲೀಡ್ಸ್_ಅಕ್ಕ
ಅಮ್ಮಂದಿರು ಸೀರೆ, ಚಪ್ಪಲಿಯಲ್ಲಿ ಬರ್ತಾರಲ್ಲ, ಅವರಿಗೆ ಯಾವ ದಾರಿ?

ಪುತ್ತೂರು_ಪ್ರೆಸ್ಟನ್
ಟಾರ್ನ್ ಹೌಸ್ ಸುತ್ತು, 3 ಕಿ.ಮೀ., ಗಾಲಿಕುರ್ಚಿಯೂ ಹೋಗ್ತದೆ. ಸೀರೆ ತೊಂದರೆಯಿಲ್ಲ ಅಕ್ಕ, ಚಪ್ಪಲಿ ಬೇಡ. ಹಿಂಬದಿ ಗಟ್ಟಿ ಹಿಡಿಯುವ ಶೂ, ಉಣ್ಣೆ ಕಾಲುಚೀಲ ಕೊಡಿಸಿ. ವಿಂಡರ್‌ಮಿಯರ್ ಸ್ಟೇಷನ್ನಿನ ಎದುರಿಗೇ ಶುರುವಾಗುವ ಆರೆಸ್ಟ್ ಹೆಡ್ ಕೂಡ ಒಳ್ಳೆಯದು, 238 ಮೀಟರ್, ಅರ್ಧ ಗಂಟೆಯಲ್ಲಿ ಮೇಲೆ. ಮೇಲಿಂದ ಇಡೀ ಕೆರೆ ಕಾಣ್ತದೆ. ಮಂಡಿ ನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಎರಡು ಕೋಲು ಕೊಟ್ಟು, ಇಳಿಯುವಾಗ ಕೋಲು ಸ್ವಲ್ಪ ಉದ್ದ ಮಾಡಿ.

ನಕ್ಷೆಪ್ರಿಯೆ
ಮುಂದಾಳು, ಬ್ಯಾಕ್‌ಮಾರ್ಕರ್ ವಿಷಯ. ಬ್ಯಾಕ್‌ಮಾರ್ಕರ್ ಅಂದ್ರೆ ಸುಸ್ತಾಗಿ ಹಿಂದೆ ಬಿದ್ದವರಲ್ಲ, ಗುಂಪಿನ ಎರಡನೇ ಗಟ್ಟಿ ಮನುಷ್ಯ. ಅವರ ಹಿಂದೆ ಯಾರೂ ಇರಬಾರದು. ಯಾರಾದ್ರೂ ಬಯಲಿಗೆ ಹೋಗಬೇಕಂದ್ರೂ ಅವರಿಗೆ ಹೇಳಿ, ಬ್ಯಾಗನ್ನ ದಾರಿ ಪಕ್ಕ ಇಟ್ಟು ಹೋಗಲಿ. ತಲೆ ಎಣಿಸೋದು ಗೇಟಿನಲ್ಲಿ, ತಡಮೆಯಲ್ಲಿ. ಅಲ್ಲಿ ಜನ ತಾವಾಗೇ ಒಬ್ಬೊಬ್ಬರಾಗಿ ದಾಟ್ತಾರೆ, ಎಣಿಕೆ ತಪ್ಪಲ್ಲ. ದಾರಿ ಕವಲೊಡೆಯೋ ಕಡೆ ಮುಂದಾಳು ನಿಲ್ಲಲೇಬೇಕು, ಕೊನೆಯವರು ಕಾಣೋವರೆಗೆ. ಇನ್ನೊಂದು: ಹಿಂದಿನವರು ಬಂದು ಸೇರಿದ ಕ್ಷಣವೇ ಮುಂದಿನವರು ಎದ್ದು ಹೊರಟುಬಿಡ್ತಾರೆ. ಹಾಗಾದ್ರೆ ವಿಶ್ರಾಂತಿ ಹೆಚ್ಚು ಬೇಕಿದ್ದವರಿಗೇ ವಿಶ್ರಾಂತಿ ಸಿಗಲ್ಲ. ಕೊನೆಯವರು ಬಂದ ಮೇಲೆ ಐದು ನಿಮಿಷ ಅಂತ ನಿಯಮ ಇಡಿ. ಒಬ್ಬ ಮುಂದಾಳಿಗೆ 12 ಜನಕ್ಕಿಂತ ಹೆಚ್ಚು ಬೇಡ.

ಧಾರವಾಡದಂವ
12 ಅಂದ್ರ ಕಡಿಮಿ ಆತ್ರಿ. ಇಲ್ಲಿನ ವಾಕಿಂಗ್ ಕ್ಲಬ್ಬಿನವ್ರು 20 ಮಂದಿ ಕರಕೊಂಡು ಆರಾಮ ಹೋಗ್ತಾರ.

ನಕ್ಷೆಪ್ರಿಯೆ
ಅವರಲ್ಲಿ 15 ಜನ ವರ್ಷಗಟ್ಟಲೆ ನಡೆದವರು ಇರ್ತಾರೆ. ಇಲ್ಲಿ ಎಲ್ಲರೂ ಹೊಸಬರು. ಕೆರೆ ದಂಡೆಗೆ 20 ಇರಲಿ, ಗುಡ್ಡಕ್ಕೆ 12.

ಹುಬ್ಬಳ್ಳಿ_ಹುಡುಗ
ಫೋನಿನ್ಯಾಗ ಆ್ಯಪ್ ಐತಲ್ಲ, ಕಾಗದದ ನಕ್ಷೆ ಯಾಕ್ ಬೇಕ್ರಿ?

ನಕ್ಷೆಪ್ರಿಯೆ
ಆ್ಯಪ್ ಇರಲಿ, ಒಳ್ಳೇದೇ. ಆದರೆ ಚಳಿಗೆ ಬ್ಯಾಟರಿ ಬೇಗ ಕುಸಿಯುತ್ತೆ, ಒದ್ದೆ ಬೆರಳಿಗೆ ಪರದೆ ಸ್ಪಂದಿಸಲ್ಲ, ಕಣಿವೆಗಳಲ್ಲಿ ಸಿಗ್ನಲ್ ಇರಲ್ಲ. ನಕ್ಷೆಯನ್ನ ಮನೆಯಲ್ಲೇ ಡೌನ್‌ಲೋಡ್ ಮಾಡ್ಕೊಂಡು ಬನ್ನಿ, ಜೊತೆಗೆ ಆರ್ಡ್ನೆನ್ಸ್ ಸರ್ವೆ ಎಕ್ಸ್‌ಪ್ಲೋರರ್ ಕಾಗದದ್ದೂ ಇರಲಿ. ಇಡೀ ಪ್ರದೇಶ ಓಎಲ್4ರಿಂದ ಓಎಲ್7ರವರೆಗೆ ನಾಲ್ಕು ಹಾಳೆ: ಕೆಸಿಕ್, ಕ್ಯಾಟ್‌ಬೆಲ್ಸ್ ಓಎಲ್4ರಲ್ಲಿ, ಹೆಲ್ವೆಲಿನ್ ಓಎಲ್5ರಲ್ಲಿ, ವಿಂಡರ್‌ಮಿಯರ್, ಲಫ್ರಿಗ್ ಓಎಲ್7ರಲ್ಲಿ. ನಕ್ಷೆಯ 4 ಸೆಂ.ಮೀ. ಅಂದ್ರೆ ನೆಲದ 1 ಕಿ.ಮೀ. ಹೊಸಬರು ತಪ್ಪು ತಿಳಿಯೋ ಒಂದು ವಿಷಯ: ಹಸಿರು ತುಂಡುಗೆರೆ ಕಾನೂನಿನ ಹಕ್ಕಿನ ದಾರಿ, ನೆಲದ ಮೇಲೆ ಅಲ್ಲಿ ಏನೂ ಇಲ್ಲದಿರಬಹುದು. ಸವೆದ ದಾರಿ ಕಾಣೋದು ಸಣ್ಣ ಕಪ್ಪು ತುಂಡುಗೆರೆಯಲ್ಲಿ.

ಲಫ್ರಿಗ್ ಸಣ್ಣದು ಅಂತ ಅಸಡ್ಡೆ ಬೇಡ. ಅದರ ಮೇಲೆ ಕಾಲುದಾರಿಗಳ ಬಲೆಯೇ ಇದೆ. ಮಂಜು ಮುಸುಕಿದ್ರೆ ಯಾವ ದಿಕ್ಕಿಗಾದ್ರೂ ಇಳಿದುಬಿಡ್ತೀರಿ. ಸ್ಕಾಫೆಲ್ ಪೈಕ್‌ನಲ್ಲಿ ಇದೇ ತಪ್ಪಾದ್ರೆ ಪಿಯರ್ಸ್ ಗಿಲ್ ಅನ್ನೋ ಕಮರಿಗೆ ಹೋಗಿ ಸಿಕ್ಕಿಹಾಕ್ಕೊಳ್ತಾರೆ, ಮೇಲೂ ಬರೋಕಾಗಲ್ಲ, ಕೆಳಗೂ ಇಳಿಯೋಕಾಗಲ್ಲ.

ಕೆಂಡಲ್_ಕನ್ನಡಿಗ
ಅವಘಡ ಆದ್ರೆ 999 ಒತ್ತಿ, ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ. ನೇರ ಆಂಬ್ಯುಲೆನ್ಸ್ ಕೇಳಿದ್ರೆ ಸುತ್ತು ಬಳಸಿ ತಡ ಆಗುತ್ತೆ. ಗ್ರಿಡ್ ರೆಫರೆನ್ಸ್ (ನಕ್ಷೆಯಲ್ಲಿ ನೀವಿರೋ ಜಾಗದ ಅಂಕಿ) ಓದಿ ಹೇಳಿ. ಮಾತಾಡೋಷ್ಟು ಸಿಗ್ನಲ್ ಇಲ್ಲದ ಕಡೆ ಮೆಸೇಜ್ ಹೋಗಬಹುದು, ಅದಕ್ಕೆ 'ರಿಜಿಸ್ಟರ್' ಅನ್ನೋ ಪದವನ್ನ ಇಂಗ್ಲಿಷ್‌ನಲ್ಲಿ 999ಗೆ ಕಳಿಸಿ ಇವತ್ತೇ ನೋಂದಾಯಿಸ್ಕೊಳ್ಳಿ. ಸೀಟಿ ಸಂಕೇತ: ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಬೇಕು. ಮೂರು ಊದು ಕೇಳಿಸಿದ್ರೆ ಅದು ಉತ್ತರ, ಆದರೂ ನೀವು ನಿಲ್ಲಿಸಬೇಡಿ. ರಕ್ಷಣಾ ತಂಡದವರೆಲ್ಲ ಸ್ವಯಂಸೇವಕರು, ಒಂದು ಪೆನ್ನಿಯೂ ಕೇಳಲ್ಲ. ನಿಮ್ಮ ಗುಂಪಿನ ವಂತಿಗೆಯಲ್ಲಿ ಅವರಿಗೊಂದು ಪಾಲು ಎತ್ತಿಡಿ.

ಹವಾಮಾನಕ್ಕೆ ಊರಿನ ಮುನ್ಸೂಚನೆ ನೋಡಬೇಡಿ, ಬೆಟ್ಟದ್ದೇ ಬೇರೆ ಬರುತ್ತೆ. ಶುಕ್ರವಾರ ಸಂಜೆ ಎಂಡಬ್ಲ್ಯುಐಎಸ್ (ಬೆಟ್ಟಗಳ ಹವಾಮಾನ ಸೇವೆ) ಪುಟದಲ್ಲಿ ಗಾಳಿಯ ವೇಗ, ಮೋಡದ ತಳ ಎಷ್ಟು ಎತ್ತರದಲ್ಲಿ ಅನ್ನೋ ಎರಡನ್ನ ನೋಡಿ. ಗಂಟೆಗೆ 40 ಮೈಲಿ ಗಾಳಿ ಅಂದ್ರೆ ಮಕ್ಕಳು ನಿಲ್ಲಲಾರರು, ಕೆಳಗಿನ ದಾರಿಗೆ ಬದಲಾಯಿಸಿ. ಜೋರು ಮಳೆ ಬಂದ ಮರುದಿನ ತೊರೆ ದಾಟೋ ದಾರಿ ಬೇಡವೇ ಬೇಡ. ಹೋನಿಸ್ಟರ್ ಕಣಿವೆಯಲ್ಲಿ 2015ರ ಡಿಸೆಂಬರ್ 5ಕ್ಕೆ ಮುಗಿದ 24 ಗಂಟೆಯಲ್ಲಿ 341.4 ಮಿ.ಮೀ. ಬಿದ್ದಿತ್ತು. ನೀರು ಹೇಗೆ ಏರುತ್ತೆ ಅನ್ನೋಕೆ ಅದು ಸಾಕು. ಚಳಿಗಾಲದಲ್ಲಿ ಲೇಕ್ ಡಿಸ್ಟ್ರಿಕ್ಟ್‌ನ ಹವಾಮಾನ ಸೇವೆ ವೆದರ್‌ಲೈನ್‌ನವರು ದಿನಾ ಒಬ್ಬರನ್ನ ಹೆಲ್ವೆಲಿನ್ ಮೇಲಕ್ಕೆ ಕಳಿಸಿ ಹಿಮದ ಸ್ಥಿತಿ ಬರೆಸ್ತಾರೆ, ಅದನ್ನೂ ಓದಿ.

ತೀರ್ಥಹಳ್ಳಿ_ಮಳೆ
ಉಣ್ಣಿ ಬಗ್ಗೆ ಯಾರೂ ಹೇಳಲಿಲ್ಲ. ಮಂಗನ ಕಾಯಿಲೆ ನೋಡಿದ ಶಿವಮೊಗ್ಗದವರಿಗೆ ಇದು ಹೇಳಿಕೊಡಬೇಕಿಲ್ಲ. ಇಲ್ಲಿ ಜರೀಗಿಡದ ಪೊದೆಯಲ್ಲಿ ಉಣ್ಣಿ ಇರ್ತವೆ, ಹರಡೋದು ಲೈಮ್ ಕಾಯಿಲೆ. ಪ್ಯಾಂಟನ್ನ ಕಾಲುಚೀಲದೊಳಗೆ ಸೇರಿಸಿ. ಸಂಜೆ ಮಂಡಿ ಹಿಂಭಾಗ, ಕಂಕುಳು, ಮಕ್ಕಳ ಕೂದಲಂಚು ತಡವಿ ನೋಡಿ. ಸಿಕ್ಕಿದ್ರೆ ಸಣ್ಣ ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೀರಿ. ಎಣ್ಣೆ, ಬೆಂಕಿಕಡ್ಡಿ ಪ್ರಯೋಗ ಬೇಡ.

ಬೋಲ್ಟನ್_ಡಾಕ್ಟ್ರು
ಸರಿಯಾಗಿ ಹೇಳಿದ್ರಿ. ಮುಂದಿನ ವಾರಗಳಲ್ಲಿ ಕಚ್ಚಿದ ಜಾಗದ ಸುತ್ತ ಕೆಂಪು ಹರಡ್ತಾ ಹೋದ್ರೆ ಜಿಪಿಗೆ (ನಿಮ್ಮ ಮಾಮೂಲಿ ಡಾಕ್ಟ್ರಿಗೆ) ತೋರಿಸಿ.

ಲೀಡ್ಸ್_ಅಕ್ಕ
ಊಟ? ಚಿತ್ರಾನ್ನ 25 ಜನಕ್ಕೆ ಮಾಡೋಕೆ ನಾನು ರೆಡಿ.

ಧಾರವಾಡದಂವ
ಅಕ್ಕಾ, ಚಿತ್ರಾನ್ನ ಗಾಳ್ಯಾಗ ತಣ್ಣಗಾಗಿ ಗಟ್ಟಿ ಆಗ್ತದ. ಚಮಚಾ ಹಿಡಿಲಿಕ್ಕೆ ಕೈಗವಸು ತಗೀಬೇಕು, ಬೆರಳು ಮರಗಟ್ಟತಾವ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟಗೊಂಡು ಬರ್ರಿ. ಹಗುರ, ಕೆಡೂದಿಲ್ಲ. ಸ್ಟೀಲ್ ಡಬ್ಬಿಯಾಗ ಇಡ್ರಿ, ಇಲ್ಲಾಂದ್ರ ಪುಡಿಪುಡಿ.

ಪುತ್ತೂರು_ಪ್ರೆಸ್ಟನ್
ಚಪಾತಿಗೆ ತುಪ್ಪ, ಚಟ್ನಿಪುಡಿ ಹಾಕಿ ಸುತ್ತಿ ಕಾಗದದಲ್ಲಿ ಮಡಚಿದರೆ ನಡೆಯುತ್ತಲೇ ತಿನ್ನಬಹುದು. ಫ್ಲಾಸ್ಕಿನಲ್ಲಿ ಬಿಸಿ ಸಾರು. ಜೇಬಿನಲ್ಲಿ ಚಿಕ್ಕಿ. ನೀರು ತಲಾ ಒಂದೂವರೆ ಲೀಟರ್. ಕಿತ್ತಳೆ, ಬಾಳೆಹಣ್ಣಿನ ಸಿಪ್ಪೆಯನ್ನೂ ವಾಪಸ್ ತರಬೇಕು, ಈ ಚಳಿಯಲ್ಲಿ ಅದು ತಿಂಗಳುಗಟ್ಟಲೆ ಕೊಳೆಯುವುದಿಲ್ಲ.

ಲೀಡ್ಸ್_ಅಕ್ಕ
ಹಾಗಾದ್ರೆ ಚಿತ್ರಾನ್ನ ಕೆರೆ ದಂಡೆ ವಾರಕ್ಕೆ. ಅಲ್ಲಿ ಕುರಿಗಳ ಬಣ್ಣ ಬೂದಿ, ಮರಿಗಳು ಕಪ್ಪು, ಯಾಕೆ ಹಾಗೆ?

ಕೆಂಡಲ್_ಕನ್ನಡಿಗ
ಅದು ಹರ್ಡ್‌ವಿಕ್ ತಳಿ ಅಕ್ಕ. ಹುಟ್ಟುವಾಗ ಕಪ್ಪು, ವರ್ಷ ಕಳೆದಂತೆ ಬೂದಿ. ಉಣ್ಣೆ ಒರಟು, ನಮ್ಮ ಕಡೆ ಕಂಬಳಿ ನೇಯೋ ದಖ್ಖನಿ ಕುರಿಯ ಉಣ್ಣೆ ಥರ. ಬೇಲಿ ಇಲ್ಲದ ಬೆಟ್ಟದಲ್ಲಿ ತನ್ನ ಹಿಂಡಿನ ಜಾಗ ಯಾವುದು ಅನ್ನೋದನ್ನ ಮರಿ ತಾಯಿಯಿಂದ ಕಲಿಯುತ್ತೆ. ಅದಕ್ಕೇ ಏಪ್ರಿಲ್, ಮೇನಲ್ಲಿ ತಾಯಿ ಮರಿ ಬೇರೆಯಾಗೋ ಹಾಗೆ ನಡುವೆ ನುಗ್ಗಬಾರದು, ಮಕ್ಕಳಿಗೆ ಮೊದಲೇ ಹೇಳಿ. ಕರು ಜೊತೆ ದನ ಇದ್ರೆ ಇನ್ನೂ ದೂರ ಸುತ್ತಿಕೊಂಡು ಹೋಗಿ. ಗೇಟು ಹೇಗಿತ್ತೋ ಹಾಗೇ ಬಿಡಿ. ಕಲ್ಲುಗೋಡೆ ಹತ್ತಬೇಡಿ, ಗಾರೆ ಇಲ್ಲದೆ ಜೋಡಿಸಿದ್ದು, ಒಂದು ಕಲ್ಲು ಜಾರಿದ್ರೆ ಒಂದು ಮಾರು ಕುಸಿಯುತ್ತೆ.

ಬನಶಂಕರಿ_ಮ್ಯಾಂಚೆಸ್ಟರ್
ಎಷ್ಟು ಉಪಯೋಗ ಆಯ್ತು ಅಂದ್ರೆ! ಇನ್ನು ಸಾರಿಗೆ?

ಪುತ್ತೂರು_ಪ್ರೆಸ್ಟನ್
ರೈಲಿನವರಿಗೆ: ಆಕ್ಸೆನ್‌ಹೋಮ್‌ನಲ್ಲಿ ಬದಲಾಯಿಸಿ ವಿಂಡರ್‌ಮಿಯರ್, ಅಲ್ಲಿಂದ 555 ಬಸ್ಸು ಆಂಬಲ್‌ಸೈಡ್, ಗ್ರಾಸ್‌ಮಿಯರ್ ಮೂಲಕ ಕೆಸಿಕ್‌ಗೆ. ಮೂರರಿಂದ ಒಂಬತ್ತು ಜನ ಒಟ್ಟಿಗೆ ಗ್ರೂಪ್‌ಸೇವ್ ಟಿಕೆಟ್ ತೆಗೆದರೆ ಮೂರರಲ್ಲೊಂದು ಪಾಲು ಕಡಿಮೆ. ಬಸ್ಸಿನ ದಾರಿಯ ದೊಡ್ಡ ಅನುಕೂಲ ಏನೆಂದರೆ ಶುರು ಮಾಡಿದಲ್ಲಿಗೇ ತಿರುಗಿ ಬರಬೇಕಾಗಿಲ್ಲ. ಆಂಬಲ್‌ಸೈಡಿನಲ್ಲಿ ಇಳಿದು ರೈಡಲ್ ಮೇಲಿಂದ ಕಾಫಿನ್ ರೂಟ್ ಹಿಡಿದು ಗ್ರಾಸ್‌ಮಿಯರ್‌ಗೆ ನಡೆದು ಅಲ್ಲಿ ಬಸ್ಸು ಹತ್ತಬಹುದು. ಚಳಿಗಾಲಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಕಾರಿನವರಿಗೆ: ವಿಂಡರ್‌ಮಿಯರ್‌ಗೆ ಎಂ6 ಹೆದ್ದಾರಿಯ 36ನೇ ಜಂಕ್ಷನ್, ಕೆಸಿಕ್‌ಗೆ 40ನೇದು. ಪೆಟ್ರೋಲ್ ಖರ್ಚು ಹಂಚಿಕೊಳ್ಳಿ, ಲಾಭ ಮಾಡಬೇಡಿ. ಲಾಭ ಬಂದರೆ ಅದು ಬಾಡಿಗೆ ಗಾಡಿಯಾಗ್ತದೆ, ವಿಮೆ ನಿಲ್ಲುವುದಿಲ್ಲ.

ಕೆಂಡಲ್_ಕನ್ನಡಿಗ
ವಿಮೆ ಅಂದ್ರಲ್ಲ, ಗುಂಪು ಗಟ್ಟಿಯಾದ ಮೇಲೆ ಬ್ರಿಟಿಷ್ ಮೌಂಟನೀರಿಂಗ್ ಕೌನ್ಸಿಲ್‌ಗೆ ಕ್ಲಬ್ ಆಗಿ ಸೇರಿ, ಸದಸ್ಯರಿಗೆ ಹೊಣೆಗಾರಿಕೆ ವಿಮೆ ಸಿಗುತ್ತೆ. ಮುಂದಾಳಾಗೋರಲ್ಲಿ ಒಬ್ಬರು ಹಿಲ್ ಆ್ಯಂಡ್ ಮೂರ್‌ಲ್ಯಾಂಡ್ ಲೀಡರ್ ತರಬೇತಿ ಮಾಡಿದ್ರೆ ಇನ್ನೂ ಒಳ್ಳೇದು.

ಬನಶಂಕರಿ_ಮ್ಯಾಂಚೆಸ್ಟರ್
ಸರಿ, ಮೊದಲ ಶನಿವಾರ ಹೀಗೆ. ಮೂರು ಕಾರು, 12 ಜನ, ಕ್ಯಾಟ್‌ಬೆಲ್ಸ್. ಉಳಿದವರು ಅದರ ಮುಂದಿನ ವಾರ ಬಟರ್‌ಮಿಯರ್‌ಗೆ. 6:45ಕ್ಕೆ ಹೊರಟು, ಕೆಸಿಕ್‌ನಲ್ಲಿ ಕೆರೆ ಪಕ್ಕದ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ, ಡರ್ವೆಂಟ್‌ವಾಟರ್ ಕೆರೆಯ ಲಾಂಚ್ (ದೋಣಿ) ಹತ್ತಿ ಹಾಸ್ ಎಂಡ್‌ನಲ್ಲಿ ಇಳಿಯೋದು. ಮುಂದಾಳು ನಕ್ಷೆಪ್ರಿಯೆ, ಒಪ್ಪಿದ್ದಾರೆ. ತಪ್ಪಿದ್ರೆ ತಿದ್ದಿ.

ಕೆಂಡಲ್_ಕನ್ನಡಿಗ
ಹಾಸ್ ಎಂಡ್‌ಗೆ ಕಾರು ಒಯ್ಯದೇ ಇರೋದು ಸರಿ, ಅಲ್ಲಿ ಜಾಗವೇ ಇಲ್ಲ. ಆದರೆ ಲಾಂಚ್ ಎರಡು ದಿಕ್ಕಿಗೂ ಇದೆ, ನೋಡಿ ಹತ್ತಿ. ಬೆಳಿಗ್ಗೆ ಅಪ್ರದಕ್ಷಿಣೆ ಬರೋದನ್ನೇ ಹತ್ತಬೇಕು, ಎರಡನೇ ಜೆಟ್ಟಿಯೇ ಹಾಸ್ ಎಂಡ್. ಪ್ರದಕ್ಷಿಣೆ ಬರೋದಕ್ಕೆ ಹತ್ತಿದ್ರೆ ಹೆಚ್ಚುಕಮ್ಮಿ ಕೆರೆಯನ್ನೆಲ್ಲ ಸುತ್ತಿ ಆಮೇಲೆ ಅಲ್ಲಿಗೆ ತಲುಪ್ತೀರಿ. ಸಂಜೆ ಉಲ್ಟಾ: ಯಾರಾದ್ರೂ ಸುಸ್ತಾದ್ರೆ ಹೈ ಬ್ರ್ಯಾಂಡಲ್‌ಹೌನಲ್ಲೇ ಪ್ರದಕ್ಷಿಣೆ ಲಾಂಚ್ ಹತ್ತಿಸಿ, ನೇರ ಕೆಸಿಕ್. ಕೊನೆಯ ಲಾಂಚ್ ಎಷ್ಟು ಹೊತ್ತಿಗೆ ಅನ್ನೋದನ್ನ ಬೆಳಿಗ್ಗೆ ಜೆಟ್ಟಿಯ ಹಲಗೆಯಲ್ಲೇ ಫೋಟೋ ತೆಗೀರಿ.

ಮೇಲೆ ಎರಡು ಕಡೆ ಬಂಡೆ ಮೆಟ್ಟಿಲು ಥರ ಇದೆ, ಲಕ್ಷಾಂತರ ಬೂಟು ಸವೆದು ನುಣುಪಾಗಿದೆ, ಒದ್ದೆಯಾದ್ರೆ ಜಾರುತ್ತೆ. ಮಕ್ಕಳ ಕೆಳಗಡೆ ಒಬ್ಬ ದೊಡ್ಡವರು ನಿಲ್ಲಲಿ, ಕೋಲುಗಳನ್ನ ಬ್ಯಾಗಿಗೆ ಸಿಕ್ಕಿಸಿ ಎರಡೂ ಕೈ ಬಿಡಿ ಮಾಡ್ಕೊಳ್ಳಿ. ಕೆಳಗಿನ ಬಂಡೆಯಲ್ಲಿ ಟಿ. ಎ. ಲಿಯೊನಾರ್ಡ್ ಅವರ ನೆನಪಿನ ಫಲಕ ಇದೆ, ನಿಂತು ಓದಿ. ಲ್ಯಾಂಕಾಶೈರಿನ ಕೋಲ್ನ್ ಊರಿನ ಗಿರಣಿ ಕೆಲಸಗಾರರನ್ನ 1891ರಲ್ಲಿ ಆಂಬಲ್‌ಸೈಡ್‌ಗೆ ನಡಿಗೆ ರಜೆಗೆ ಕರೆತಂದ ಪಾದ್ರಿ ಅವರು. ಗುಂಪಾಗಿ ಇಲ್ಲಿಗೆ ನಡೆಯೋಕೆ ಬರೋ ರೂಢಿಗೆ ಅವರಷ್ಟು ದುಡಿದವರು ಕಡಿಮೆ.

ಧಾರವಾಡದಂವ
ಬ್ಯಾಕ್‌ಮಾರ್ಕರ್ ಯಾರಂತ ಬರದಿಲ್ಲಲ್ಲ? ನಾ ಬರ್ತೇನಿ. ಗ್ರೂಪ್ ಶೆಲ್ಟರ್ ನನ್ನ ಬ್ಯಾಗಿನಾಗ ಇರ್ತದ.

ಬನಶಂಕರಿ_ಮ್ಯಾಂಚೆಸ್ಟರ್
ಬರ್ಕೊಂಡೆ. ಎರಡನೇ ಕಾರಿನಲ್ಲಿ ಇನ್ನೊಂದು ಸೀಟು ಇದೆ, ಬೋಲ್ಟನ್ ಮೇಲಿಂದ ಹೋಗುತ್ತೆ. ಬರೋರು ಇನ್‌ಹೇಲರ್, ಸಕ್ಕರೆ ಕಾಯಿಲೆ ಮಾತ್ರೆ ಏನಾದ್ರೂ ಇದ್ರೆ ನನಗೆ ಬೇರೆಯಾಗಿ ಮೆಸೇಜ್ ಮಾಡಿ. ಶುಕ್ರವಾರ ಸಂಜೆ 7ಕ್ಕೆ ಗಾಳಿ ಎಷ್ಟು ಅಂತ ಇಲ್ಲೇ ಹಾಕ್ತೀನಿ.